ಹೊಡೆದುಹಾಕುವ ಮುನ್ನ ಆಧಾರ ನೋಡಿ

ಮಾನ್ಯರೇ,

ಘಾತಾಂಕದ ಸಮೀಕರಣಗಳನ್ನು (2³ರಲ್ಲಿ 2 ಆಧಾರ, ಮೇಲಿನ 3 ಘಾತಾಂಕ) ನಗರದ ಕೆಲವು ಟ್ಯೂಷನ್‌ಗಳಲ್ಲಿ 'ಆಧಾರ ಹೊಡೆದುಹಾಕಿ, ಮೇಲಿನದ್ದನ್ನು ಸಮ ಮಾಡಿ' ಎಂದಷ್ಟೇ ಹೇಳಿಕೊಡುತ್ತಾರೆ. ಹೊಡೆಯುವ ಮುನ್ನ ಎರಡೂ ಕಡೆ ಆಧಾರ ಒಂದೇ ಆಗಿರಬೇಕಲ್ಲ? 8ರ ಘಾತ ಕ = 32 ಎಂದು ಕೊಟ್ಟರೆ ಮಕ್ಕಳು 32ನ್ನು 8ರಿಂದ ಭಾಗಿಸಿ ಕ = 4 ಎಂದು ಬರೆದುಬಿಡುತ್ತಾರೆ. 8⁴ ಎಂದರೆ 4096! 8 = 2³, 32 = 2⁵ ಎಂದು ಬದಲಿಸಿಕೊಂಡರೆ 3ಕ = 5; ಕ = 5/3.

ಅಂಕ ಹೆಚ್ಚು ಹೋಗುವುದು ಕೂಡುವ ಚಿಹ್ನೆ ಇರುವಲ್ಲಿ. 2ರ ಘಾತ (ಕ+3) ಮತ್ತು 2ರ ಘಾತ ಕ, ಇವೆರಡರ ಮೊತ್ತ 72 ಎನ್ನಿ. ಘಾತಾಂಕಗಳನ್ನು ಕೂಡಿ 2ಕ+3 ಮಾಡುವಂತಿಲ್ಲ. ಆ ನಿಯಮ ಗುಣಾಕಾರಕ್ಕೆ ಮಾತ್ರ. ಮೊದಲ ಪದವನ್ನು 2³ × 2ರ ಘಾತ ಕ ಎಂದು ಒಡೆಯಿರಿ. 2³ ಎಂದರೆ 8; ಆಗ ಮೊತ್ತ (8 + 1) × 2ರ ಘಾತ ಕ, ಅಂದರೆ 9 × 2ರ ಘಾತ ಕ. 72ನ್ನು 9ರಿಂದ ಭಾಗಿಸಿದರೆ 8, ಅಂದರೆ ಕ = 3. ತಾಳೆ: 64 + 8 = 72.

ಆಧಾರ 0, 1 ಅಥವಾ −1 ಇದ್ದರೆ ಆಧಾರ ಹೊಡೆದುಹಾಕುವ ಉಪಾಯ ನಡೆಯದು. 1⁵ = 1⁹, ಆದರೆ 5 ಮತ್ತು 9 ಸಮವಲ್ಲ. 2ರ ಘಾತ ಕ = 10 ಬಂದರೆ ಉತ್ತರ 3 ಮತ್ತು 4ರ ನಡುವೆ ಇದೆ ಎಂದು ಗುರುತಿಸಿ ಲಾಗರಿದಮ್‌ಗೆ (ಇಂಥ ಘಾತಾಂಕವನ್ನು ಕಂಡುಹಿಡಿಯುವ ಲೆಕ್ಕಕ್ಕೆ) ಹೋಗಬೇಕು; ಸುಮಾರು 3.32 ಸಿಗುತ್ತದೆ.

– ಗಣಿತ ಶಿಕ್ಷಕರು, ಬಸವನಗುಡಿ, ಬೆಂಗಳೂರು