ಮಂಜೇಶ್ವರದ ಮೊದಲ ಶಾಸಕರನ್ನು ಮರೆಯಬೇಡಿ

ಮಾನ್ಯ ಸಂಪಾದಕರೇ,

ಕೇರಳದ ಕಾಸರಗೋಡು ಜಿಲ್ಲೆಯ ನಮ್ಮ ಮಂಜೇಶ್ವರದ ಚುನಾವಣೆ ಅಂದ ಕೂಡಲೇ ಎಲ್ಲರೂ 2016ರ 89 ಮತಗಳ ಅಂತರದ ಮಾತೆತ್ತುತ್ತಾರೆ. ಒಂದು ಮತವೂ ಬೀಳದೆ ಇಲ್ಲಿಂದ ಶಾಸಕರಾದ ಎಂ. ಉಮೇಶ ರಾಯರ ಹೆಸರು ಮಾತ್ರ ಯಾರ ಬಾಯಲ್ಲೂ ಬರುವುದಿಲ್ಲ. 1957ರಲ್ಲಿ ಕೇರಳದ ಮೊದಲ ವಿಧಾನಸಭೆಗೆ ಅವರು ಪಕ್ಷೇತರರಾಗಿ ನಿಂತು ಅವಿರೋಧವಾಗಿ ಆಯ್ಕೆಯಾದರು. ಆ ಸಲ ಇಡೀ ರಾಜ್ಯದಲ್ಲಿ ಎದುರಾಳಿ ಇಲ್ಲದೆ ಗೆದ್ದವರು ಅವರೊಬ್ಬರೇ.

ನಮ್ಮ ತಂದೆಯವರು ಆ ವರ್ಷದ ಓಟಿನ ಕಥೆ ಹೇಳುತ್ತಿದ್ದರು. ಆಗ ಒಬ್ಬೊಬ್ಬ ಅಭ್ಯರ್ಥಿಗೂ ಬೇರೆ ಬೇರೆ ಪೆಟ್ಟಿಗೆ. ಅಕ್ಕಪಕ್ಕದ ಕ್ಷೇತ್ರದವರು ಅಸೆಂಬ್ಲಿಗೊಂದು, ಪಾರ್ಲಿಮೆಂಟಿಗೊಂದು ಎಂದು ಎರಡು ಚೀಟಿ ಹಾಕಿದರೆ ನಮ್ಮವರಿಗೆ ಪಾರ್ಲಿಮೆಂಟಿನದ್ದು ಮಾತ್ರ. ಆ ಲೋಕಸಭೆಗೆ ಕಾಸರಗೋಡಿನಿಂದ ಗೆದ್ದವರು ಎ.ಕೆ. ಗೋಪಾಲನ್.

ಅವಿರೋಧ ಅಂದರೆ ಸುಮ್ನೆ ಸಿಕ್ಕಿದ ಸೀಟು ಅಂತ ಕೆಲವರು ತಿಳಿಯುತ್ತಾರೆ. ನನಗೆ ಹಾಗೆ ಅನಿಸುವುದಿಲ್ಲ. 1956ರ ನವೆಂಬರ್ 1ಕ್ಕೆ ಕಾಸರಗೋಡು ಕೇರಳಕ್ಕೆ ಸೇರಿ ಆಗಿನ್ನೂ ನಾಲ್ಕೈದು ತಿಂಗಳು. ಕನ್ನಡಿಗರ ಮನೆಮನೆಯಲ್ಲೂ ಆ ಸಂಕಟ ಹಸಿಯಾಗಿತ್ತು. ನಿನ್ನೆವರೆಗೆ ಮಂಗಳೂರಿನ ಕಚೇರಿಗೆ ಹೋಗುತ್ತಿದ್ದ ಜನರ ಅಹವಾಲು ಹೊತ್ತುಕೊಂಡು, ರಾಜ್ಯದ ಇನ್ನೊಂದು ತುದಿಯ ತಿರುವನಂತಪುರಕ್ಕೆ ಒಬ್ಬರು ಹೋಗಬೇಕಿತ್ತು. ಅದು ಹಗುರದ ಕೆಲಸವೇ? ಆ ಸಭೆಯೂ ಅವಧಿ ಮುಗಿಸಲಿಲ್ಲ. 1959ರ ಜುಲೈ 31ಕ್ಕೆ ಮುಖ್ಯಮಂತ್ರಿ ಇ.ಎಂ.ಎಸ್. ನಂಬೂದಿರಿಪಾಡರ ಸರ್ಕಾರವನ್ನು ವಜಾ ಮಾಡಿದರು.

ಮುಂದೆ 1960ರಲ್ಲಿ ಗೆದ್ದವರು ಕೆ. ಮಹಾಬಲ ಭಂಡಾರಿ. ಚಂದ್ರಗಿರಿ ಹೊಳೆಯ ಉತ್ತರದ ಭಾಗ ಮೈಸೂರು ರಾಜ್ಯಕ್ಕೆ (ಈಗಿನ ಕರ್ನಾಟಕಕ್ಕೆ) ಸೇರಲಿ ಎಂದು ಗಡಿ ವಿವಾದಕ್ಕಾಗಿ ನೇಮಿಸಿದ್ದ ಮಹಾಜನ್ ಆಯೋಗ 1967ರಲ್ಲಿ ವರದಿ ಕೊಟ್ಟಾಗಲೂ ಅವರೇ ನಮ್ಮ ಶಾಸಕರು. ಆಮೇಲೆ ಎಂ. ರಾಮಪ್ಪ ಬಂದರು. 1980ರಲ್ಲಿ ಗೆದ್ದ ಎ. ಸುಬ್ಬರಾವ್ ನೀರಾವರಿ ಸಚಿವರೂ ಆದರು. 2021ರಲ್ಲಿ ಎ.ಕೆ.ಎಂ. ಅಶ್ರಫ್ ಕನ್ನಡದಲ್ಲಿ ಪ್ರಮಾಣವಚನ ತೆಗೆದುಕೊಂಡಾಗ ನನಗೆ ತುಂಬಾ ಖುಷಿಯಾಯಿತು. ಅದೇ ಸದನದಲ್ಲಿ ಈ ಊರಿನ ಮೊದಲ ದನಿ ಯಾರದ್ದು ಅಂತ ನಮ್ಮ ಮಕ್ಕಳಿಗೂ ಗೊತ್ತಿರಬೇಕು ಅಲ್ವಾ?

ಹಾಗಾಗಿ ನನ್ನದೊಂದು ಬೇಡಿಕೆ. ಮೊದಲ ವಿಧಾನಸಭೆಯಲ್ಲಿ ಉಮೇಶ ರಾಯರು ಆಡಿದ ಮಾತು, ಕೇಳಿದ ಪ್ರಶ್ನೆಗಳನ್ನು ಸದನದ ಕಡತದಿಂದ ತೆಗೆಸಿ ಕನ್ನಡದಲ್ಲಿ ಅಚ್ಚು ಹಾಕಿಸಬೇಕು. ಕಾಸರಗೋಡು ಸರ್ಕಾರಿ ಕಾಲೇಜಿನ ಕನ್ನಡ ವಿಭಾಗದ ವಿದ್ಯಾರ್ಥಿಗಳು ಮನಸ್ಸು ಮಾಡಿದರೆ ಇದು ಆಗದ ಕೆಲಸವಲ್ಲ. ರಾಷ್ಟ್ರಕವಿ ಗೋವಿಂದ ಪೈ ಅವರ ಸ್ಮಾರಕವಾದ ಮಂಜೇಶ್ವರದ ಗಿಳಿವಿಂಡಿನಲ್ಲಿ ಅವರದ್ದೊಂದು ಫೋಟೋ, ಕೆಳಗೆ ನಾಲ್ಕು ಸಾಲು ಪರಿಚಯ ಇರಲಿ.

ನಿಮ್ಮ ಪತ್ರಿಕೆಯೂ ಕೈಜೋಡಿಸಬೇಕು. ಆ ಚುನಾವಣೆ ಕಂಡವರಿಗೆ ಈಗ ತೊಂಬತ್ತರ ಆಸುಪಾಸು. ಜಾಸ್ತಿ ತಡ ಮಾಡುವ ಹಾಗಿಲ್ಲ. ನಿಮ್ಮ ವರದಿಗಾರರು ಪೈವಳಿಕೆ, ಮೀಂಜ, ವರ್ಕಾಡಿ ಕಡೆ ಬರುವುದಾದರೆ ಅಂಥ ಹಿರಿಯರ ಮನೆಗೆ ನಾನೇ ಕರೆದುಕೊಂಡು ಹೋಗುತ್ತೇನೆ.

– ನಿವೃತ್ತ ಕನ್ನಡ ಅಧ್ಯಾಪಕಿ, ಪೈವಳಿಕೆ