ಕರುಳಿನ ಶಿಬಿರದ ಪುಡಿ ಮತ್ತು ನಮ್ಮ ಅತ್ತೆಯ ಮೂರು ರಾತ್ರಿ

ಮಾನ್ಯ ಸಂಪಾದಕರೇ,

ನಮ್ಮ ನಾಕಾದ ಸಭಾಗೃಹದಲ್ಲಿ ಕಳೆದ ಭಾನುವಾರ ನಡೆದ ಕರುಳಿನ ಆರೋಗ್ಯ ಶಿಬಿರದ ವರದಿ ಸೋಮವಾರದ ಪತ್ರಿಕೆಯಲ್ಲಿ ದೀಪ ಬೆಳಗುವ ಫೋಟೊ ಸಹಿತ ಬಂದಿದೆ. ‘ಹಿರಿಯ ನಾಗರಿಕರು ಅಪಾರ ಪ್ರಯೋಜನ ಪಡೆದರು’ ಎಂದು ಬರೆದಿದ್ದೀರಿ. ಆ ಹಿರಿಯ ನಾಗರಿಕರಲ್ಲಿ ನನ್ನ ಅತ್ತೆಯೂ ಒಬ್ಬರು, ವಯಸ್ಸು 78. ಅವರಿಗೆ ಆದದ್ದೇನೆಂದು ನಾನು ಬರೆಯುತ್ತೇನೆ, ದಯವಿಟ್ಟು ಅದನ್ನೂ ಅಚ್ಚು ಹಾಕಿ.

ಹೋದ ತಿಂಗಳು ಉರಿಮೂತ್ರಕ್ಕೆಂದು ಕೆಮಿಸ್ಟ್ ಒಬ್ಬ ಡಾಕ್ಟರ ಚೀಟಿಯಿಲ್ಲದೆ ಭಾರೀ ಆ್ಯಂಟಿಬಯಾಟಿಕ್ ಕೊಟ್ಟ. ಮೂತ್ರದ ಉರಿ ಹೋಯಿತು, ಭೇದಿ ಹಿಡಿಯಿತು. ಪರೀಕ್ಷೆ ಮಾಡಿಸಿದರೆ ಕ್ಲಾಸ್ಟ್ರಿಡಿಯಾಯ್ಡಿಸ್ ಡಿಫಿಸಿಲ್. ಆ್ಯಂಟಿಬಯಾಟಿಕ್ ಹೊಡೆತಕ್ಕೆ ಕರುಳಿನ ಕಾವಲು ಬ್ಯಾಕ್ಟೀರಿಯಾಗಳು ಸತ್ತಾಗ ತಲೆಯೆತ್ತಿ ವಿಷ ಕಾರುವ ಜಾತಿ ಇದು, ವಯಸ್ಸಾದವರ ಜೀವಕ್ಕೇ ಕುತ್ತು. ಡಾಕ್ಟರು ಈ ಕೀಟಾಣುವನ್ನು ಹೊಡೆಯುವ ವ್ಯಾಂಕೊಮೈಸಿನ್ ಎಂಬ ಮಾತ್ರೆ ಬರೆದರು, ದಿನಕ್ಕೆ ನಾಲ್ಕು ಸಲ, 10 ದಿನ. ಐದನೇ ದಿನಕ್ಕೆ ಅತ್ತೆ ಎದ್ದು ಕೂತು ಕುಚ್ಚಲಕ್ಕಿ ಗಂಜಿ ಕೇಳಿದರು. ಆರನೇ ದಿನ ಆ ಶಿಬಿರ.

ನಾನು ಊರಲ್ಲಿರಲಿಲ್ಲ, ಪುಣೆಗೆ ಹೋಗಿದ್ದೆ. ಪಕ್ಕದ ವಿಂಗ್‌ನವರು ಪ್ರೀತಿಯಿಂದಲೇ ಅತ್ತೆಯನ್ನು ಕರೆದುಕೊಂಡು ಹೋಗಿದ್ದಾರೆ. ಡಬ್ಬಿಯಲ್ಲಿ ಮಲ ಕೊಟ್ಟು ಅರ್ಧ ಗಂಟೆಗೆ ಬಣ್ಣದ ಕಾಗದ ಕೈಗೆ ಬಂದಿದೆ: ‘ನಿಮ್ಮದು ಬ್ಯಾಕ್ಟೀರಾಯ್ಡಿಸ್ ವರ್ಗ’, ಎಂದರೆ ಆ ಹೆಸರಿನ ಬ್ಯಾಕ್ಟೀರಿಯಾ ಹೆಚ್ಚಿರುವ ಕರುಳು. ಮೇಜಿನ ಹಿಂದೆ ಕೂತಿದ್ದ ಹುಡುಗ, ‘ಅಜ್ಜಿ, ನಿಮ್ಮ ಆ ಮಾತ್ರೆಯೇ ಒಳ್ಳೆಯ ಕೀಟಾಣುಗಳನ್ನು ಕೊಲ್ಲುತ್ತಿದೆ, ನಿಲ್ಲಿಸಿ, ಇದನ್ನು ತಗೊಳ್ಳಿ’ ಎಂದು ಮೂರು ತಿಂಗಳಿಗಾಗುವ ‘ಒಳ್ಳೆಯ ಬ್ಯಾಕ್ಟೀರಿಯಾ’ ಪುಡಿ ಕೊಟ್ಟು 4,800 ರೂಪಾಯಿ ಎಣಿಸಿಕೊಂಡಿದ್ದಾನೆ. ಅತ್ತೆ ಮಾತ್ರೆ ನಿಲ್ಲಿಸಿದರು. ‘ಬಿಳಿ ಕೋಟು ಹಾಕಿದ್ದ ಮಗಾ, ಡಾಕ್ಟ್ರು ಅಂತ ಎಣಿಸಿದೆ’ ಎನ್ನುತ್ತಾರೆ ಈಗ. ಬುಧವಾರ ರಾತ್ರಿ ಭೇದಿ ಮತ್ತೆ ಶುರುವಾಯಿತು, ಒಂದೇ ರಾತ್ರಿಗೆ ಒಂಬತ್ತು ಸಲ.

ನಾನು 31 ವರ್ಷ ಪೆಥಾಲಜಿ ಲ್ಯಾಬಿನಲ್ಲಿ ಕಲ್ಚರ್ ಪ್ಲೇಟ್ ನೋಡಿ ನಿವೃತ್ತಳಾದವಳು. ಬ್ಯಾಕ್ಟೀರಿಯಾ ಬೆಳೆಸುವ ಮೆಕಾಂಕಿ ಅಗಾರ್ ಎಂಬ ಲೋಳೆಯ ಮೇಲೆ ಕರುಳಿನ ಸಾಮಾನ್ಯ ಬ್ಯಾಕ್ಟೀರಿಯಾ ಇ. ಕೋಲೈಯ ಗುಲಾಬಿ ಚುಕ್ಕೆ ಕಾಣಬೇಕಾದರೂ ಒಂದು ರಾತ್ರಿ ಕಾಯಬೇಕು. ಬ್ಯಾಕ್ಟೀರಾಯ್ಡಿಸ್ ಅಂತೂ ಗಾಳಿ ತಾಗಿದಲ್ಲಿ ಬೆಳೆಯುವುದೇ ಇಲ್ಲ. ಕರುಳಿನ ‘ವರ್ಗ’ ಹೇಳಲು ಡಿಎನ್‌ಎ ಓದಿಸಬೇಕು, ಅದಕ್ಕೆ ದಿನಗಳು ಹಿಡಿಯುತ್ತವೆ. ಅರ್ಧ ಗಂಟೆಯಲ್ಲಿ, ಸಭಾಗೃಹದ ಪ್ಲಾಸ್ಟಿಕ್ ಮೇಜಿನ ಮೇಲೆ, ಯಾವ ಯಂತ್ರದಿಂದ ಓದಿದರು? ಅದು ಪರೀಕ್ಷೆಯಲ್ಲ, ಮೋಸ.

ಆ ವರ್ಗಗಳ ಮಾತಾದರೂ ಏನು? 2011ರಲ್ಲಿ ಜರ್ಮನಿಯ ಹೈಡೆಲ್‌ಬರ್ಗ್‌ನ ಸಂಶೋಧಕರ ತಂಡ ಮನುಷ್ಯರ ಕರುಳುಗಳಲ್ಲಿ ಬ್ಯಾಕ್ಟೀರಾಯ್ಡಿಸ್, ಪ್ರಿವೊಟೆಲ್ಲ, ರುಮಿನೊಕಾಕಸ್ ಎಂಬ ಮೂರು ಬಗೆಯ ಗುಂಪು ಕಾಣುತ್ತದೆ ಎಂದು ಪ್ರಕಟಿಸಿತು. ಆಮೇಲೆ ಬೇರೆಯವರು ನೋಡಿದಾಗ ಮೂರರ ನಡುವೆ ಗೋಡೆಯಿಲ್ಲ, ಒಂದು ಇನ್ನೊಂದಕ್ಕೆ ಮೆಲ್ಲಗೆ ಸರಿಯುತ್ತದೆ ಎಂದು ತೋರಿತು. ವರುಷಗಟ್ಟಲೆ ಮಾಂಸ, ಕೊಬ್ಬು ಹೆಚ್ಚು ತಿಂದವರಲ್ಲಿ ಬ್ಯಾಕ್ಟೀರಾಯ್ಡಿಸ್, ಕಾಳು, ಧಾನ್ಯ, ಸೊಪ್ಪು ತಿಂದವರಲ್ಲಿ ಪ್ರಿವೊಟೆಲ್ಲ ಹೆಚ್ಚು. ಜೀವಮಾನವಿಡೀ ಗಂಜಿ, ಹುರುಳಿ ಸಾರು ಉಂಡ ಅತ್ತೆಗೆ ಬ್ಯಾಕ್ಟೀರಾಯ್ಡಿಸ್ ಎಂದು ಬರೆದ ಕಾಗದ ನನ್ನ ಮುಂದೆಯೇ ಇದೆ. ಬೆಳಿಗ್ಗೆ ಮೂರನೇ ಮಹಡಿಯ ಅಜ್ಜನ ಕಾಗದವನ್ನೂ ತರಿಸಿ ನೋಡಿದೆ. ಬಣ್ಣ, ಅಂಕಿ, ಅಕ್ಷರ ಎಲ್ಲ ಒಂದೇ, ಹೆಸರು ಮಾತ್ರ ಬೇರೆ.

ಕರುಳಿನ ಬ್ಯಾಕ್ಟೀರಿಯಾದಿಂದ ಔಷಧವಾಗುವುದಿಲ್ಲ ಎಂದು ನಾನು ಹೇಳುತ್ತಿಲ್ಲ. ಅತ್ತೆಗಿರುವ ಇದೇ ಕಾಯಿಲೆ ಮರುಕಳಿಸಿದವರಿಗೆ ನೆದರ್ಲೆಂಡ್ಸ್‌ನಲ್ಲಿ ಆರೋಗ್ಯವಂತರ ಮಲದ ದ್ರಾವಣವನ್ನು ನಳಿಕೆಯಲ್ಲಿ ಕರುಳಿಗೆ ಇಳಿಸಿ ನೋಡಿದರು. 16 ಮಂದಿಯಲ್ಲಿ 13 ಮಂದಿ ಮೊದಲ ಸಲಕ್ಕೇ ಗುಣವಾದರು, ಅದು 2013ರಲ್ಲಿ ಪ್ರಕಟವಾಗಿದೆ. ದಾನಿಯನ್ನು ಸರಿಯಾಗಿ ತಪಾಸಣೆ ಮಾಡದೆ ಕೊಟ್ಟು ರೋಗಿ ಸತ್ತದ್ದೂ ಇದೆ, 2019ರಲ್ಲಿ ಅಮೆರಿಕದ ಔಷಧ ಇಲಾಖೆ ಎಚ್ಚರಿಕೆ ಕೊಟ್ಟಿತು. ನಮ್ಮ ಒಡಿಶಾದ ಹಳ್ಳಿಗಳಲ್ಲಿ ನವಜಾತ ಶಿಶುಗಳಿಗೆ ಒಳ್ಳೆಯ ಬ್ಯಾಕ್ಟೀರಿಯಾ ಲ್ಯಾಕ್ಟೊಬ್ಯಾಸಿಲಸ್ ಪ್ಲಾಂಟಾರಮ್‌ನ ಒಂದು ಆಯ್ದ ತಳಿಯನ್ನು ಏಳು ದಿನ ಕುಡಿಸಿ, ನಂಜೇರುವುದೂ ಸಾವೂ ಒಟ್ಟು ಸೇರಿ ಸುಮಾರು 40 ಶೇಕಡ ಇಳಿದದ್ದು 2017ರಲ್ಲಿ ಲೋಕಕ್ಕೇ ಗೊತ್ತಾಯಿತು. ಒಂದು ತಳಿ, ಒಂದು ಕಾಯಿಲೆ, ಒಂದು ಅಳತೆ. ಕೆಲಸ ಹಾಗೆ ಆಗುತ್ತದೆ. ಹೀಗೆ ಒಳಿತಿಗೆಂದು ಕುಡಿಸುವ ಜೀವಂತ ಕೀಟಾಣುಗಳಿಗೆ ಪ್ರೋಬಯಾಟಿಕ್ ಎನ್ನುತ್ತಾರೆ. ‘ಎಲ್ಲಾ ಪ್ರೋಬಯಾಟಿಕ್ ಒಂದೇ’ ಎನ್ನುವವರಿಗೆ ಬ್ಯಾಕ್ಟೀರಿಯಾ ಯಾವುದು, ಯೀಸ್ಟ್ ಯಾವುದು ಎಂಬುದೇ ಗೊತ್ತಿಲ್ಲ. ಸ್ಯಾಕರೊಮೈಸಿಸ್ ಬೊಲಾರ್ಡಿ ಎಂಬ ಪ್ರೋಬಯಾಟಿಕ್ ಯೀಸ್ಟ್, ಅಂದರೆ ಶಿಲೀಂಧ್ರ, ಆ್ಯಂಟಿಬಯಾಟಿಕ್‌ಗೆ ಅದು ಸಾಯುವುದಿಲ್ಲ. ಅದಕ್ಕೇ ಡಾಕ್ಟರು ಕೆಲವರಿಗೆ ಜೊತೆಯಲ್ಲಿ ಬರೆಯುವುದು.

ಅತ್ತೆಗೆ ಕೊಟ್ಟ ಪೊಟ್ಟಣದ ಮೇಲೆ ‘20 ಬಗೆಯ ಜೀವಂತ ಒಳ್ಳೆಯ ಬ್ಯಾಕ್ಟೀರಿಯಾ’ ಎಂದಿದೆ, ಒಂದರ ಹೆಸರೂ ಇಲ್ಲ. ನಿಯಮದಂತೆ ಜಾತಿ, ಪ್ರಭೇದ, ತಳಿ ಬರೆಯಬೇಕು, ದಿನದ ಪ್ರಮಾಣದಲ್ಲಿ ಕನಿಷ್ಠ 10 ಕೋಟಿ ಜೀವಂತ ಇರಬೇಕು. ಹಿಂಬದಿಯಲ್ಲಿ ‘ತಂಪು ಜಾಗದಲ್ಲಿಡಿ’ ಎಂದು ಸಣ್ಣಕ್ಷರ. ಈ ಸೆಕೆಯಲ್ಲಿ ಆ ಪೆಟ್ಟಿಗೆಗಳು ದಿನವಿಡೀ ಸಭಾಗೃಹದ ಕಿಟಕಿ ಪಕ್ಕ ಬಿಸಿಲಲ್ಲಿ ಇದ್ದವು ಎಂದು ವಾಚ್‌ಮನ್ ಹೇಳುತ್ತಾನೆ.

ಮೂರು ರಾತ್ರಿಯಿಂದ ನಾನು ಕಣ್ಣು ಮುಚ್ಚಿಲ್ಲ. ಡಿಫಿಸಿಲ್ ಕೀಟಾಣುವಿನ ಗಟ್ಟಿ ಕವಚದ ಬೀಜಕಗಳು ಸ್ಯಾನಿಟೈಸರ್‌ಗೆ ಸಾಯುವುದಿಲ್ಲ, ಸೋಪು ನೀರಲ್ಲೇ ಕೈ ತೊಳೆಯಬೇಕು, ಬಾತ್‌ರೂಮನ್ನು ಬ್ಲೀಚ್ ಹಾಕಿ ಉಜ್ಜಬೇಕು. ನೀರೆಲ್ಲಿ? ನಮ್ಮ ಬಿಲ್ಡಿಂಗಿಗೆ ಬೆಳಿಗ್ಗೆ ಒಂದು ಗಂಟೆ. ಚಾದರಗಳು ಬಾಲ್ದಿಯಲ್ಲಿ ಬಿದ್ದಿವೆ, ಕೆಲಸದ ಬಾಯಿ ಹೆದರಿ ಬರುತ್ತಿಲ್ಲ, ಲಿಫ್ಟ್ ಕೆಟ್ಟು ಹನ್ನೊಂದು ದಿನ, ಅತ್ತೆಯನ್ನು ಕುರ್ಚಿಯಲ್ಲಿ ಕೂರಿಸಿ ನಾಲ್ಕು ಮಹಡಿ ಇಳಿಸಿದೆವು. ಆ ಒಂದು ಗಂಟೆಯ ನೀರಿಗೂ ಕಳೆದ ಮಳೆಗಾಲದಿಂದ ಗಟಾರದ ವಾಸನೆ. ರಸ್ತೆ ಅಗೆದವರು ಪೈಪು ಒಡೆದು ಮಣ್ಣು ಮುಚ್ಚಿ ಹೋದರು. ವಾರ್ಡ್ ಆಫೀಸಿಗೆ ಆರು ಅರ್ಜಿ ಕೊಟ್ಟಿದ್ದೇನೆ. ಒಬ್ಬ ಸಾಹೇಬರು ‘ಕುದಿಸಿ ಕುಡಿಯಿರಿ’ ಎಂದರು. ಅವರ ಮನೆಯಲ್ಲಿ ಇದೇ ನೀರು ಬರಲಿ ಎಂದು ಕೇಳಿಕೊಳ್ಳುತ್ತೇನೆ.

ಪುಡಿಯ ಬಗ್ಗೆ ದೂರು ಕೊಡಲು ಫೋನ್ ಮಾಡಿದರೆ ಆಹಾರದವರು ‘ಅದು ಔಷಧ’ ಎನ್ನುತ್ತಾರೆ, ಔಷಧದವರು ‘ಅದು ಆಹಾರ’ ಎನ್ನುತ್ತಾರೆ. 2014ರಿಂದ ಎಷ್ಟೋ ಆ್ಯಂಟಿಬಯಾಟಿಕ್‌ಗಳಿಗೆ ಚೀಟಿ ನೋಡಿ, ರೋಗಿಯ ಹೆಸರು ಪುಸ್ತಕದಲ್ಲಿ ಬರೆದೇ ಕೊಡಬೇಕೆಂಬ ನಿಯಮವಿದೆ. ನಮ್ಮ ಕೆಮಿಸ್ಟ್ ಬಳಿ ಆ ಪುಸ್ತಕವನ್ನು ಯಾರು, ಯಾವಾಗ ತೆರೆದು ನೋಡಿದ್ದಾರೆ? ಹಬ್ಬದ ಪೆಂಡಾಲಿಗೆ ಪರವಾನಗಿ ಕೇಳಲು ಇವರಿಗೆ ಪುರುಸೊತ್ತಿದೆ.

ಸಂಬಂಧಪಟ್ಟವರು ಆ ಪುಡಿಯ ಸ್ಯಾಂಪಲ್ ತೆಗೆದು ಲ್ಯಾಬಿಗೆ ಕಳಿಸಬೇಕು, ಇಂಥ ಶಿಬಿರಗಳನ್ನೇ ನಿಲ್ಲಿಸಬೇಕು, ಕೆಮಿಸ್ಟರನ್ನು ಹಿಡಿಯಬೇಕು, ನೀರಿನ ಪೈಪನ್ನೂ ಸರಿಮಾಡಬೇಕು. ಯಾರು ಏನು ಮಾಡುತ್ತಾರೋ ಮಾಡಲಿ, ಮೊದಲು ಕುರ್ಚಿ ಬಿಟ್ಟು ಏಳಲಿ. ತಾವೂ ದೀಪ ಬೆಳಗುವ ಫೋಟೊ ಹಾಕುವ ಮೊದಲು ಮೇಜಿನ ಮೇಲೆ ಏನು ಮಾರುತ್ತಿದ್ದಾರೆಂದು ಒಬ್ಬರನ್ನು ಕಳಿಸಿ ನೋಡಿಸಬೇಕಿತ್ತು. ಬರುವ ಭಾನುವಾರ ಅದೇ ಶಿಬಿರ ಪಕ್ಕದ ಗಲ್ಲಿಯ ಶಾಲೆಯಲ್ಲಿದೆ. ಬ್ಯಾನರ್ ಈಗಾಗಲೇ ಕಟ್ಟಿದ್ದಾರೆ.

– ನೊಂದ ಓದುಗಿ, ಮುಂಬಯಿ ಪೂರ್ವ ಉಪನಗರ