ಸೇವೆಯಲ್ಲಿರುವ ಶಿಕ್ಷಕರಿಗೂ ಟಿಇಟಿ: ಪರೀಕ್ಷೆ ಇರಲಿ, ಓದಲು ಬಿಡುವು ಕೊಡಿ

ಮಾನ್ಯ ಸಂಪಾದಕರೇ,

ನಾನು ಕೊಪ್ಪಳ ಜಿಲ್ಲೆಯ ಕುಷ್ಟಗಿ ತಾಲ್ಲೂಕಿನ ನಿವೃತ್ತ ಮುಖ್ಯ ಶಿಕ್ಷಕ. 1986ರಲ್ಲಿ ಕೆಲಸಕ್ಕೆ ಸೇರಿದಾಗ ಕುಷ್ಟಗಿ ಇನ್ನೂ ರಾಯಚೂರು ಜಿಲ್ಲೆಯಲ್ಲಿತ್ತು. ಶಿಕ್ಷಕರ ತರಬೇತಿಯ ಟಿ.ಸಿ.ಎಚ್. ಪ್ರಮಾಣಪತ್ರ ಮತ್ತು ನೇಮಕಾತಿ ಆದೇಶ ಇವೆರಡಿದ್ದರೆ ನಿವೃತ್ತಿಯ ದಿನದವರೆಗೆ ನಮ್ಮ ಅರ್ಹತೆಯನ್ನು ಯಾರೂ ಮತ್ತೆ ಕೇಳುತ್ತಿರಲಿಲ್ಲ. ಆ ಕಾಲ ಮುಗಿದಿದೆ. ಮುಗಿದದ್ದು ತಪ್ಪೆಂದು ಹೇಳಲು ನಾನು ಈ ಪತ್ರ ಬರೆಯುತ್ತಿಲ್ಲ. ಆದರೆ ಹೊಸ ಷರತ್ತನ್ನು ಪೂರೈಸಲು ಶಿಕ್ಷಕರಿಗೆ ಸಿಕ್ಕಿರುವ ಎರಡು ವರ್ಷಗಳನ್ನು ಬೇರೆ ಕೆಲಸಗಳೇ ನುಂಗಿಹಾಕುತ್ತಿವೆ. ಈ ಮಾತನ್ನು ಯಾರಾದರೂ ಹೇಳಲೇಬೇಕಾಗಿರುವುದರಿಂದ ಬರೆಯುತ್ತಿದ್ದೇನೆ.

2025ರ ಸೆಪ್ಟೆಂಬರ್ 1ರಂದು ಸುಪ್ರೀಂ ಕೋರ್ಟ್ ನೀಡಿದ ತೀರ್ಪಿನ ಪ್ರಕಾರ, ಒಂದರಿಂದ ಎಂಟನೇ ತರಗತಿಯವರೆಗೆ ಪಾಠ ಮಾಡುವ, ನಿವೃತ್ತಿಗೆ ಐದು ವರ್ಷಕ್ಕಿಂತ ಹೆಚ್ಚು ಸೇವೆ ಬಾಕಿಯಿರುವ ಶಿಕ್ಷಕರು, ಶಿಕ್ಷಣ ಹಕ್ಕು ಕಾಯ್ದೆ ಬರುವ ಮೊದಲೇ ನೇಮಕಗೊಂಡಿದ್ದರೂ ಸರಿ, ಎರಡು ವರ್ಷಗಳೊಳಗೆ ಶಿಕ್ಷಕರ ಅರ್ಹತಾ ಪರೀಕ್ಷೆಯಲ್ಲಿ (ಟಿಇಟಿ) ಪಾಸಾಗಬೇಕು; ಇಲ್ಲವಾದರೆ ಸೇವೆ ಬಿಡಬೇಕು ಅಥವಾ ಕಡ್ಡಾಯ ನಿವೃತ್ತಿ ಪಡೆಯಬೇಕು. ಐದು ವರ್ಷಕ್ಕಿಂತ ಕಡಿಮೆ ಸೇವೆ ಉಳಿದಿರುವವರು ನಿವೃತ್ತಿಯವರೆಗೆ ಮುಂದುವರಿಯಬಹುದು, ಆದರೆ ಟಿಇಟಿ ಇಲ್ಲದೆ ಬಡ್ತಿ ಪಡೆಯುವಂತಿಲ್ಲ. ಅಲ್ಪಸಂಖ್ಯಾತ ಸಂಸ್ಥೆಗಳ ಶಾಲೆಗಳ ಪ್ರಶ್ನೆಯನ್ನು ಮಾತ್ರ ವಿಸ್ತೃತ ಪೀಠದ ಪರಿಶೀಲನೆಗೆ ಬಿಡಲಾಗಿದೆ. ಈ ತೀರ್ಪು ಬಂದ ದಿನದಿಂದ ನಮ್ಮ ಕಡೆ ಶಿಕ್ಷಕರು ಇಬ್ಬರು ಕೂಡಿದಲ್ಲೆಲ್ಲ ಇದೇ ಮಾತು.

ಟಿಇಟಿ ಹೊಸದೇನಲ್ಲ. ಶಿಕ್ಷಣ ಹಕ್ಕು ಕಾಯ್ದೆ 2010ರ ಏಪ್ರಿಲ್ 1ರಿಂದ ಜಾರಿಗೆ ಬಂತು. ಅದರ 23ನೇ ಸೆಕ್ಷನ್ ಅಡಿಯಲ್ಲಿ ಅದೇ ವರ್ಷದ ಆಗಸ್ಟ್ 23ರಂದು ರಾಷ್ಟ್ರೀಯ ಶಿಕ್ಷಕರ ಶಿಕ್ಷಣ ಪರಿಷತ್ತು ಹೊರಡಿಸಿದ ಅಧಿಸೂಚನೆ, ಶಿಕ್ಷಕರ ಕನಿಷ್ಠ ಅರ್ಹತೆಗಳ ಪಟ್ಟಿಗೆ ಟಿಇಟಿಯನ್ನು ಸೇರಿಸಿತು. ಮೊದಲು ಏಳು ವರ್ಷ ಮಾತ್ರ ಆಯುಸ್ಸಿದ್ದ ಈ ಪ್ರಮಾಣಪತ್ರಕ್ಕೆ 2021ರಲ್ಲಿ ಜೀವಿತಾವಧಿಯ ಮಾನ್ಯತೆ ಸಿಕ್ಕಿತು, ಅದೂ 2011ರಿಂದ ಪೂರ್ವಾನ್ವಯವಾಗಿ. ಹೊಸದಾಗಿ ಸೇರುವವರಿಗೆ ಇದೆಲ್ಲ ಗೊತ್ತಿರುವ ಹಾದಿ, ಶಿಕ್ಷಕರ ತರಬೇತಿಯ ಡಿ.ಇಎಲ್.ಇಡಿ. ಕೋರ್ಸ್ ಓದುವಾಗಲೇ ಅವರು ಟಿಇಟಿ ಪುಸ್ತಕ ಹಿಡಿದಿರುತ್ತಾರೆ. ಇಪ್ಪತ್ತು ವರ್ಷಗಳ ಹಿಂದೆ ಸೇರಿದವರಿಗೆ ಮಾತ್ರ, ಇದು ತಮಗೆ ಸಂಬಂಧಿಸಿದ್ದಲ್ಲ ಎಂದು ಇಲಾಖೆಯೇ ಇಷ್ಟು ವರ್ಷ ಹೇಳುತ್ತ ಬಂದಿತ್ತು. ಅವರು ಓದಲಿಲ್ಲವೆಂದು ಈಗ ಅವರನ್ನು ದೂರುವುದರಲ್ಲಿ ಅರ್ಥವಿಲ್ಲ.

ಪರೀಕ್ಷೆಯೇ ಬೇಡ ಎಂಬ ಕೂಗು ಎದ್ದಿದೆ. ಕೆಲವು ರಾಜ್ಯಗಳು ತೀರ್ಪಿನ ಮರುಪರಿಶೀಲನೆ ಕೋರಿವೆ. ನಾನು ಆ ಕೂಗಿಗೆ ದನಿಗೂಡಿಸಲಾರೆ. ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ದಿನ ಜಿಲ್ಲೆಗಳ ಪಟ್ಟಿಯ ಕೆಳಭಾಗದಲ್ಲಿ ಕಲ್ಯಾಣ ಕರ್ನಾಟಕದ ಹೆಸರುಗಳನ್ನು ಓದಿ ಓದಿ ನಮಗೆ ರೂಢಿಯಾಗಿಬಿಟ್ಟಿದೆ, ಹಾಗೆ ರೂಢಿಯಾದದ್ದೇ ದೊಡ್ಡ ನೋವು. ಹತ್ತಿ ಬಿಡಿಸುವ ದಿನಗಳಲ್ಲಿ ಖಾಲಿಯಾಗುವ ತರಗತಿಗಳು, ಬೆಂಗಳೂರಿಗೆ ದುಡಿಯಲು ಹೋದ ತಂದೆತಾಯಿಯ ಜೊತೆ ಊರು ಬಿಟ್ಟ ಮಕ್ಕಳು, ಭರ್ತಿಯಾಗದ ಹುದ್ದೆಗಳು, ಹೀಗೆ ಕಾರಣಗಳು ಹಲವು. ಅವುಗಳಲ್ಲಿ ನಮ್ಮ ಪಾಠವೂ ಒಂದು ಕಾರಣವಲ್ಲ ಎಂದು ಎದೆ ಮುಟ್ಟಿಕೊಂಡು ಹೇಳಲು ನನ್ನಿಂದ ಆಗದು. ಮಗುವಿಗೆ ಅರ್ಹ ಶಿಕ್ಷಕ ಸಿಗಬೇಕೆಂಬ ನಿಯಮ ನಗರದ ಮಗುವಿಗಿಂತ ಹೆಚ್ಚಾಗಿ ನಮ್ಮ ಹಳ್ಳಿಯ ಮಗುವಿಗೆ ಬೇಕಾಗಿದೆ. ಆ ಮಗುವಿಗೆ ಶಾಲೆ ಬಿಟ್ಟರೆ ಟ್ಯೂಷನ್ನೂ ಇಲ್ಲ, ಮನೆಯಲ್ಲಿ ಓದಿಸುವವರೂ ಇಲ್ಲ.

ಕಳೆದ ಅಕ್ಟೋಬರ್ ಕೊನೆಯಿಂದ ಪ್ರತಿ ಭಾನುವಾರ ನಮ್ಮ ಮನೆಯ ಪಡಸಾಲೆಯಲ್ಲಿ ಹನ್ನೊಂದು ಜನ ಶಿಕ್ಷಕರು ಕೂಡುತ್ತಾರೆ. ಎಲ್ಲರೂ ನಲವತ್ತು ದಾಟಿದವರು. ಹಳೆಯ ಪ್ರಶ್ನೆಪತ್ರಿಕೆ ತೆಗೆದುಕೊಂಡು, ಗಡಿಯಾರ ಎದುರಿಗಿಟ್ಟುಕೊಂಡು ಬರೆಯುತ್ತೇವೆ. 150 ಪ್ರಶ್ನೆ, 150 ನಿಮಿಷ, ಒಂದು ಪ್ರಶ್ನೆಗೆ ಒಂದು ಅಂಕ. ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ. ಸಾಮಾನ್ಯ ವರ್ಗದವರಿಗೆ ಶೇ 60, ಅಂದರೆ 90 ಅಂಕ ಬೇಕು. ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ, ಪ್ರವರ್ಗ 1 ಮತ್ತು ಅಂಗವಿಕಲ ಅಭ್ಯರ್ಥಿಗಳಿಗೆ ಶೇ 55.

ಅವರಲ್ಲಿ ಒಬ್ಬ ಅಕ್ಕೋರು ನನ್ನ ಶಾಲೆಯಲ್ಲೇ ಹನ್ನೆರಡು ವರ್ಷ ನಲಿ-ಕಲಿ (ಚಿಕ್ಕ ಮಕ್ಕಳಿಗೆ ಚಟುವಟಿಕೆಯ ಮೂಲಕ ಕಲಿಸುವ) ತರಗತಿ ನಡೆಸಿದವರು. ಅವರ ಪಾಠ ನಾನು ಕಿಟಕಿಯ ಹೊರಗೆ ನಿಂತು ಎಷ್ಟೋ ಸಲ ಕೇಳಿದ್ದೇನೆ. ಒಮ್ಮೆ ಒಬ್ಬ ಹುಡುಗ 52ರಲ್ಲಿ 27 ಕಳೆದರೆ 35 ಎಂದು ಸ್ಲೇಟಿನ ಮೇಲೆ ಬರೆದಿದ್ದ. ತಪ್ಪು ಎಂದು ಗೀಟು ಎಳೆಯದೆ, "ಹೆಂಗ ಮಾಡಿದಿ, ಹೇಳಪಾ" ಎಂದು ಕೇಳಿದರು. ಅವನು, ಏಳರಲ್ಲಿ ಎರಡು ಹೋದರೆ ಐದು, ಐದರಲ್ಲಿ ಎರಡು ಹೋದರೆ ಮೂರು ಎಂದ. ಮೇಲಿನ ಅಂಕಿ ಯಾವುದು, ಕೆಳಗಿನದು ಯಾವುದು ಎಂದು ನೋಡದೆ ದೊಡ್ಡದರಲ್ಲಿ ಚಿಕ್ಕದನ್ನು ಕಳೆಯುತ್ತ ಹೋಗಿದ್ದ. ಅಕ್ಕೋರು ಹತ್ತು ಹತ್ತು ಬೆಂಕಿಕಡ್ಡಿಗಳ ಐದು ಕಟ್ಟು, ಬಿಡಿಯಾಗಿ ಎರಡು ಕಡ್ಡಿ ಅವನ ಮುಂದಿಟ್ಟು ಇಪ್ಪತ್ತೇಳು ಕಡ್ಡಿ ಕೊಡು ಎಂದರು. ಎರಡು ಕಟ್ಟು ಕೊಟ್ಟ ಹುಡುಗ ಬಿಡಿಯಾಗಿ ಏಳು ಕೊಡಲಾಗದೆ ಸ್ವಲ್ಪ ಹೊತ್ತು ಸುಮ್ಮನೆ ಕೂತು, ಆಮೇಲೆ ತಾನೇ ಒಂದು ಕಟ್ಟಿನ ದಾರ ಬಿಚ್ಚಿದ.

ಮೊದಲ ಭಾನುವಾರದ ಅಭ್ಯಾಸದಲ್ಲಿ ಇದೇ ಅಕ್ಕೋರಿಗೆ ಬಂದದ್ದು 71 ಅಂಕ. ವ್ಯವಕಲನದಲ್ಲಿ ಮಕ್ಕಳು ಮಾಡುವ ಇಂಥದೇ ದೋಷದ ಕುರಿತ ಪ್ರಶ್ನೆಯನ್ನೂ ಅವರು ತಪ್ಪು ಮಾಡಿದ್ದರು. ಯಾಕೆಂದರೆ ಆಯ್ಕೆಗಳಲ್ಲಿದ್ದ, ಹತ್ತರ ಕಟ್ಟು ಬಿಚ್ಚಿ ಬಿಡಿ ಮಾಡಿಕೊಳ್ಳುವುದಕ್ಕೆ ಹೇಳುವ 'ಪುನರ್ ಗುಂಪುಗೊಳಿಸುವಿಕೆ' ಎಂಬ ಶಬ್ದ ಅವರ ಕಿವಿಗೆ ಬಿದ್ದದ್ದೇ ಇಲ್ಲ. ಪಿಯಾಜೆ, ವೈಗೋಟ್‌ಸ್ಕಿ, ಕೋಲ್‌ಬರ್ಗ್ ಎಂಬ ಮನೋವಿಜ್ಞಾನಿಗಳ ಹೆಸರುಗಳು ಗೊಂದಲವಾದವು. ಒಎಂಆರ್ ಹಾಳೆಯ ವೃತ್ತಗಳನ್ನು ತುಂಬುವುದು ಅಭ್ಯಾಸವಿಲ್ಲದೆ ನಲವತ್ತನೇ ಪ್ರಶ್ನೆಯ ಉತ್ತರವನ್ನು ನಲವತ್ತೊಂದರ ಸಾಲಿನಲ್ಲಿ ತುಂಬಿ, ಕೆಳಗಿನವೆಲ್ಲ ಒಂದೊಂದು ಸಾಲು ಜಾರಿದವು. "ಸರ, ಇಪ್ಪತ್ತೆರಡು ವರ್ಷ ಹುಡುಗರಿಗೆ ಬರಿಯಾಕ ಕಲಿಸೀನಿ, ಇವತ್ತು ನನ್ನ ಕೈನ ನಡಗಾಕತ್ತೈತ್ರಿ" ಎಂದು ಹೇಳಿ ಪೆನ್ನು ಕೆಳಗಿಟ್ಟರು.

ಆದರೂ ಅವರು ಬರುವುದು ಬಿಡಲಿಲ್ಲ. ಎಂಟನೇ ಭಾನುವಾರ 88 ಅಂಕ ಬಂತು. ಶಬ್ದಗಳ ಪರಿಚಯವಾಗುತ್ತಿದ್ದಂತೆ, ತಾವು ರೂಢಿಯಿಂದ ಮಾಡುತ್ತಿದ್ದುದಕ್ಕೆ ಕಾರಣವೂ ಇದೆ, ಹೆಸರೂ ಇದೆ ಎಂಬುದು ಅವರಿಗೆ ಸಂತೋಷ ಕೊಟ್ಟಿದೆ. ಓದಲು ತೊಡಕುಪಡುವ ಮಗುವನ್ನು ದಡ್ಡ ಎನ್ನುವ ಬದಲು ಡಿಸ್‌ಲೆಕ್ಸಿಯಾ ಎಂಬ ಕಲಿಕಾ ತೊಂದರೆ ಇರಬಹುದೇ ಎಂದು ಯೋಚಿಸಬೇಕೆಂದು ಈ ಓದಿನಿಂದ ತಿಳಿಯಿತು ಎಂದು ಇನ್ನೊಬ್ಬ ಮಾಸ್ತರು ಹೇಳಿದರು. ಪರೀಕ್ಷೆಯ ಓದಿನಿಂದ ಲಾಭವಿದೆ ಎಂದು ನಾನು ನಂಬುವುದು ಇಂಥವನ್ನು ಕಣ್ಣಾರೆ ಕಂಡ ಮೇಲೆ. ಅದಕ್ಕೆ ಬೇಕಾದದ್ದು ಸಮಯ ಮತ್ತು ಜೊತೆಗೆ ಕೂತು ಹೇಳಿಕೊಡುವವರು.

ಸಮಯದ ಲೆಕ್ಕವನ್ನೇ ನೋಡೋಣ. ತೀರ್ಪು ಬಂದ ಮೂರು ವಾರಕ್ಕೆ, ಸೆಪ್ಟೆಂಬರ್ 22ರಿಂದ, ರಾಜ್ಯದ ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆ ಶುರುವಾಯಿತು. ಶಿಕ್ಷಕರು ದಸರೆ ರಜೆಯಲ್ಲಿ ಮೊಬೈಲ್ ಹಿಡಿದು, ನೆಟ್‌ವರ್ಕ್ ಸಿಗುವ ಜಾಗ ಹುಡುಕುತ್ತ ಮನೆಮನೆ ತಿರುಗಿದರು. ಸಮೀಕ್ಷೆ ಮುಗಿಯದ ಕಾರಣ ಶಾಲೆಗಳ ರಜೆಯನ್ನೇ ಅಕ್ಟೋಬರ್ 18ರವರೆಗೆ ವಿಸ್ತರಿಸಲಾಯಿತು. ಡಿಸೆಂಬರಿನ ಟಿಇಟಿಗೆ ಅವರು ಓದುವುದು ಯಾವಾಗ? ಮುಂದೆ ಜನಗಣತಿ ಇದೆ. ಮನೆಪಟ್ಟಿ ಕಾರ್ಯ 2026ರ ಏಪ್ರಿಲ್‌ನಿಂದ ಸೆಪ್ಟೆಂಬರ್ ನಡುವೆ, ಜನರ ಎಣಿಕೆ 2027ರ ಫೆಬ್ರುವರಿಯಲ್ಲಿ. ಎರಡೂ ಈ ಎರಡು ವರ್ಷದ ಗಡುವಿನೊಳಗೇ ಬರುತ್ತವೆ. ಮತಗಟ್ಟೆ ಅಧಿಕಾರಿಯ ಕೆಲಸ ಬೇರೆ. ಬಿಸಿಯೂಟ, ಮೊಟ್ಟೆ, ಹಾಲಿನ ಲೆಕ್ಕ, ದಿನಕ್ಕೊಂದು ಆನ್‌ಲೈನ್ ಮಾಹಿತಿ, ಇವು ಇದ್ದೇ ಇವೆ. ಜನಗಣತಿ, ವಿಪತ್ತು ಪರಿಹಾರ, ಚುನಾವಣೆ ಬಿಟ್ಟು ಬೇರೆ ಶಿಕ್ಷಣೇತರ ಕೆಲಸಕ್ಕೆ ಶಿಕ್ಷಕರನ್ನು ನಿಯೋಜಿಸಬಾರದೆಂದು ಟಿಇಟಿಗೆ ತಾಯಿಬೇರಾದ ಅದೇ ಕಾಯ್ದೆಯ 27ನೇ ಸೆಕ್ಷನ್ ಹೇಳುತ್ತದೆ. 23ನೇ ಸೆಕ್ಷನ್ ಅನ್ನು ಶಿಕ್ಷಕರು ಪಾಲಿಸಬೇಕಾದರೆ 27ನೇ ಸೆಕ್ಷನ್ ಅನ್ನು ಸರ್ಕಾರವೂ ಪಾಲಿಸಬೇಕು. 2027ರ ಆಗಸ್ಟ್ ಮುಗಿಯುವವರೆಗೆ ಟಿಇಟಿ ಬರೆಯಬೇಕಾದ ಶಿಕ್ಷಕರಿಗೆ ಕಾಯ್ದೆ ಒಪ್ಪಿದ ಮೂರು ಕೆಲಸಗಳನ್ನು ಬಿಟ್ಟು ಬೇರೇನೂ ಹಚ್ಚಬಾರದು. ಜನಗಣತಿಗೂ ಆದಷ್ಟು ಬೇರೆ ಇಲಾಖೆಯವರನ್ನೇ ಮೊದಲು ತೆಗೆದುಕೊಳ್ಳಬೇಕು.

ಇನ್ನೊಂದು ಗೊಂದಲವಿದೆ, ಇದು ಕರ್ನಾಟಕದ್ದೇ. ಒಂದರಿಂದ ಏಳನೇ ತರಗತಿಗೆಂದು ನೇಮಕಗೊಂಡವರನ್ನು 2017ರ ವೃಂದ ಮತ್ತು ನೇಮಕಾತಿ ನಿಯಮಗಳ ನಂತರ ಒಂದರಿಂದ ಐದರ ಶಿಕ್ಷಕರೆಂದು ಕರೆಯಲಾಗುತ್ತಿದೆ. ಆದರೆ ಹಳ್ಳಿಯ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ಅವರೇ ಆರು, ಏಳನೇ ತರಗತಿಗೂ ಗಣಿತ, ವಿಜ್ಞಾನ ಹೇಳುತ್ತಿದ್ದಾರೆ. ಇವರು ಬರೆಯಬೇಕಾದದ್ದು ಐದನೇ ತರಗತಿವರೆಗಿನ ಮೊದಲ ಪತ್ರಿಕೆಯನ್ನೋ, ಆರರಿಂದ ಎಂಟರ ಎರಡನೇ ಪತ್ರಿಕೆಯನ್ನೋ? ಎರಡನೆಯದಕ್ಕೆ ಪದವಿ ಬೇಕು. ಪಿಯುಸಿ ಮತ್ತು ಟಿ.ಸಿ.ಎಚ್. ಮಾತ್ರ ಇರುವವರು ಏನು ಮಾಡಬೇಕು? ಮೊದಲ ಪತ್ರಿಕೆಗೂ ಪಿಯುಸಿಯಲ್ಲಿ ಶೇ 50 ಅಂಕ ಎಂಬ ಷರತ್ತು ರಾಷ್ಟ್ರೀಯ ಪರಿಷತ್ತಿನ ಅರ್ಹತೆಯಲ್ಲಿದೆ. ಮೂವತ್ತು ವರ್ಷಗಳ ಹಿಂದೆ ಶೇ 42 ಅಂಕ ಪಡೆದು, ಅಂದಿನ ನಿಯಮದಂತೆ ಸರಿಯಾಗಿಯೇ ನೇಮಕಗೊಂಡ ಶಿಕ್ಷಕ ಅರ್ಜಿಯ ಹಂತದಲ್ಲೇ ತಡೆಗೆ ಸಿಕ್ಕರೆ, ಪರೀಕ್ಷೆ ಪಾಸಾಗು ಎಂದು ಹೇಳಿ ಪರೀಕ್ಷಾ ಕೊಠಡಿಯ ಬಾಗಿಲು ಹಾಕಿದಂತಾಗುತ್ತದೆ. ಸೇವೆಯಲ್ಲಿರುವವರಿಗೆ ಹಳೆಯ ಅಂಕಗಳ ಷರತ್ತು ಅನ್ವಯಿಸದೆಂದೂ, ಯಾರು ಯಾವ ಪತ್ರಿಕೆ ಬರೆಯಬೇಕೆಂದೂ ಇಲಾಖೆ ಸ್ಪಷ್ಟ ಆದೇಶ ಹೊರಡಿಸಿ ಪ್ರತಿ ಕ್ಷೇತ್ರ ಶಿಕ್ಷಣಾಧಿಕಾರಿ (ಬಿಇಒ) ಕಚೇರಿಯ ಫಲಕದಲ್ಲಿ ಹಾಕಬೇಕು. ವಾಟ್ಸ್ಆ್ಯಪ್‌ನಲ್ಲಿ ಓಡಾಡುವ ಸಹಿಯಿಲ್ಲದ ಕಾಗದಗಳನ್ನು ನೋಡಿ ಶಿಕ್ಷಕರು ನಿದ್ದೆಗೆಡುವುದು ಆಗ ನಿಲ್ಲುತ್ತದೆ.

ದಾಖಲೆಗಳ ತೊಂದರೆ ಸಣ್ಣದೆಂದು ತೋರಬಹುದು, ಅನುಭವಿಸಿದವರಿಗೆ ಸಣ್ಣದಲ್ಲ. ನಮ್ಮ ಕಡೆ ಮದುವೆಯಾದ ಹೆಣ್ಣುಮಗಳ ಹೆಸರಿನ ಮುಂದೆ ಗಂಡನ ಹೆಸರು, ಮನೆತನದ ಹೆಸರು ಸೇರುತ್ತವೆ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ತಂದೆಯ ಹೆಸರು, ಆಧಾರ್‌ನಲ್ಲಿ ಗಂಡನ ಹೆಸರು, ಸೇವಾ ಪುಸ್ತಕದಲ್ಲಿ ಒಂದು ಇನಿಷಿಯಲ್ ಮಾತ್ರ. ನನ್ನ ಮಗಳು ಟಿಇಟಿ ಪಾಸಾಗಿದ್ದಾಳೆ. ನೇಮಕಾತಿಯ ದಾಖಲೆ ಪರಿಶೀಲನೆಗೆಂದು ಅವಳು ಓದಿದ ಡಿ.ಇಡಿ. ಕಾಲೇಜಿನಿಂದ ಒಂದು ದೃಢೀಕರಣ ಬೇಕಾಯಿತು. ಕಾಲೇಜು ಮುಚ್ಚಿ ವರ್ಷಗಳಾಗಿದ್ದವು. ಅದರ ಕಡತಗಳು ಎಲ್ಲಿವೆ ಎಂದು ತಿಳಿಯಲು ಮೂರು ಕಚೇರಿ ಅಲೆದೆವು. ಒಬ್ಬರು ಇನ್ನೊಬ್ಬರ ಕಡೆ ಕೈ ತೋರಿಸಿದರು. ಕೊನೆಗೆ ಹಳೆಯ ಗುಮಾಸ್ತರೊಬ್ಬರು ಕಡತ ಹುಡುಕಿ ಕೊಟ್ಟಾಗ ಗಡುವಿಗೆ ಒಂದೇ ದಿನ ಉಳಿದಿತ್ತು. ನಲವತ್ತೆಂಟು, ಐವತ್ತರ ವಯಸ್ಸಿನ ಶಿಕ್ಷಕಿಯರನ್ನು ಇಂಥ ಅಲೆದಾಟಕ್ಕೆ ಹಚ್ಚುವ ಅಗತ್ಯವೇ ಇಲ್ಲ. ಅವರ ಸೇವಾ ಪುಸ್ತಕ ಇಲಾಖೆಯ ಕೈಯಲ್ಲೇ ಇದೆ. ಅದನ್ನೇ ಆಧಾರವಾಗಿ ಒಪ್ಪಿಕೊಂಡರೆ ಸಾಕು.

ಹೇಳಿಕೊಡುವವರ ವಿಷಯಕ್ಕೆ ಬಂದರೆ, ನಮ್ಮ ಮೂರು ಜಿಲ್ಲೆಗಳಿಗೂ ಜಿಲ್ಲಾ ಶಿಕ್ಷಣ ಮತ್ತು ತರಬೇತಿ ಸಂಸ್ಥೆಗಳು, ಅಂದರೆ ಡಯಟ್‌ಗಳಿವೆ: ಕೊಪ್ಪಳಕ್ಕೆ ಮುನಿರಾಬಾದ್, ರಾಯಚೂರಿಗೆ ಯರಮರಸ್, ಬಳ್ಳಾರಿಗೆ ಬಳ್ಳಾರಿಯಲ್ಲೇ. ಶಿಕ್ಷಕರಿಗೆ ತರಬೇತಿ ಕೊಡುವುದಕ್ಕೇ ಇರುವ ಸಂಸ್ಥೆಗಳಿವು. ಆದರೆ ಕುಷ್ಟಗಿಯ ಹಳ್ಳಿಯಿಂದ ಮುನಿರಾಬಾದಿಗೆ, ದೇವದುರ್ಗದ ಹಳ್ಳಿಯಿಂದ ಯರಮರಸಿಗೆ, ಬಸ್ಸು ಬದಲಿಸುತ್ತ ಹೋಗಿಬರುವುದರಲ್ಲೇ ದಿನ ಕಳೆಯುತ್ತದೆ. ಉಪನ್ಯಾಸಕರೇ ತಾಲ್ಲೂಕಿನ ಸಂಪನ್ಮೂಲ ಕೇಂದ್ರಕ್ಕೆ (ಬಿಆರ್‌ಸಿ) ಬರಲಿ. ಶಿಶು ವಿಕಾಸ ಮತ್ತು ಬೋಧನಶಾಸ್ತ್ರಕ್ಕೆ ಮೂವತ್ತು ಪ್ರಶ್ನೆ, ಎರಡನೇ ಭಾಷೆಯಾದ ಇಂಗ್ಲಿಷಿಗೆ ಮೂವತ್ತು ಪ್ರಶ್ನೆ. ನಮ್ಮ ಪಡಸಾಲೆಯ ಹನ್ನೊಂದು ಜನ ಹೆಚ್ಚು ಅಂಕ ಕಳೆದುಕೊಳ್ಳುವುದು ಈ ಎರಡು ಕಡೆಯೇ. ಈ ಎರಡನ್ನು ತಿಂಗಳಿಗೆ ಎರಡು ದಿನ ಹೇಳಿಕೊಟ್ಟರೂ ಬಹಳ ಜನ ದಡ ಸೇರುತ್ತಾರೆ. ರಾಯಚೂರು, ಬಳ್ಳಾರಿಯ ಉರ್ದು, ತೆಲುಗು ಮಾಧ್ಯಮದ ಶಿಕ್ಷಕರಿಗೆ ಅವರ ಭಾಷೆಯಲ್ಲೇ ಓದುವ ಸಾಮಗ್ರಿ ಬೇಕು. ಮಾರುಕಟ್ಟೆಯಲ್ಲಿ ಅವರಿಗೆ ಪುಸ್ತಕ ಸಿಗುವುದೇ ಕಷ್ಟ.

ವರ್ಷಕ್ಕೊಂದು ಟಿಇಟಿ ನಡೆದರೆ ಸೇವೆಯಲ್ಲಿರುವವರಿಗೆ ಈ ಅವಧಿಯಲ್ಲಿ ಸಿಗುವುದು ಎರಡು ಅವಕಾಶ ಮಾತ್ರ. ಅದರಲ್ಲಿ ಮೊದಲನೆಯದು ಸಮೀಕ್ಷೆಯಲ್ಲಿ ಹೋಯಿತು. ಆದ್ದರಿಂದ ಸೇವೆಯಲ್ಲಿರುವವರಿಗೆಂದೇ 2027ರ ಆಗಸ್ಟ್‌ನೊಳಗೆ ಕನಿಷ್ಠ ಮೂರು ಸಲ ಪರೀಕ್ಷೆ ನಡೆಸಬೇಕು, ಅದರಲ್ಲಿ ಒಂದಾದರೂ ಬೇಸಿಗೆ ರಜೆಯಲ್ಲಿ, ಜನಗಣತಿಯ ದಿನಗಳನ್ನು ಬಿಟ್ಟು ಇರಬೇಕು. ಪಠ್ಯಕ್ರಮ ಸಡಿಲಿಸಿರೆಂದು ನಾನು ಕೇಳುವುದಿಲ್ಲ, ಪಾಸಾಗುವ ಅಂಕ ಇಳಿಸಿರೆಂದೂ ಕೇಳುವುದಿಲ್ಲ.

ಮುಂದಿನ ಭಾನುವಾರದಿಂದ ನಮ್ಮ ಮನೆಗೆ ಪಕ್ಕದ ಊರಿನಿಂದ ಇನ್ನೂ ಆರು ಜನ ಬರುವವರಿದ್ದಾರೆ. ಪಡಸಾಲೆಯಲ್ಲಿ ಅಷ್ಟು ಜಾಗವಿಲ್ಲ. ಊರಿನ ಶಾಲೆಯ ಒಂದು ಕೊಠಡಿಯನ್ನು ಭಾನುವಾರದ ಬೆಳಗಿನ ಹೊತ್ತು ಬಳಸಲು ಅನುಮತಿ ಕೇಳಿ ಕ್ಷೇತ್ರ ಶಿಕ್ಷಣಾಧಿಕಾರಿಗಳಿಗೆ ಅರ್ಜಿ ಕೊಟ್ಟಿದ್ದೇನೆ. ಅನುಮತಿಯ ಜೊತೆಗೆ ಡಯಟ್‌ನಿಂದ ಇಂಗ್ಲಿಷ್ ಹೇಳಿಕೊಡಬಲ್ಲ ಒಬ್ಬರನ್ನು ತಿಂಗಳಿಗೆ ಒಂದು ಸಲವಾದರೂ ಕಳಿಸಿಕೊಡಬೇಕೆಂದು ಈ ಪತ್ರದ ಮೂಲಕವೂ ವಿನಂತಿಸುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ನಿವೃತ್ತ ಮುಖ್ಯ ಶಿಕ್ಷಕ,
ಕುಷ್ಟಗಿ ತಾಲ್ಲೂಕು, ಕೊಪ್ಪಳ ಜಿಲ್ಲೆ